ಗೇಟಿನ ಹೊರಗೆ ಕೂತಿದ್ದವನ ಪಾತ್ರ

ಈಚೆಗೆ ತಾಂಡೂರಿನ ನಮ್ಮ ಓಣಿಯಲ್ಲಿ ಹಳೆಯ ಪುಸ್ತಕಗಳಿಗೆ ರಟ್ಟು ಹಾಕುವವನೊಬ್ಬ ಅಂಗಡಿ ತೆರೆದಿದ್ದಾನೆ. ಒಂದು ಬೆಳಿಗ್ಗೆ ಜಾಲಿಮರದ ಗೋಂದನ್ನು ನೀರಿಗೆ ಹಾಕಿ ಕುದಿಸುತ್ತಿದ್ದ. ಆ ಹುಳಿ ಹುಳಿ ವಾಸನೆ ಕಿಟಕಿಯಿಂದ ಒಳಗೆ ಬಂದಾಗ ನಾನು ಅಕ್ಕಿ ಆರಿಸುತ್ತ ಕೂತಿದ್ದೆ. ಕೈ ತಾನಾಗಿಯೇ ಗಲ್ಲಕ್ಕೆ ಹೋಯಿತು. ಅಲ್ಲಿ ಗಡ್ಡ ಅಂಟಿದೆಯೇನೋ ಎಂಬಂತೆ... ಹತ್ತೊಂಬತ್ತು ವರ್ಷದ ಹುಡುಗಿಯಾಗಿದ್ದಾಗ ಇದೇ ಗೋಂದಿನಿಂದ ನನ್ನ ಮುಖಕ್ಕೆ ಬಿಳಿ ಗಡ್ಡ ಅಂಟಿಸಿದ್ದರು. ಆ ಗಡ್ಡದ ಹಿಂದೆಯೇ ಕಾಕಾ ನೆನಪಾದ.

ಕಾಕಾ ನಮ್ಮ ಸಂಬಂಧಿಕನಲ್ಲ. ನಿಜಾಮರ ಆಳ್ವಿಕೆಯ ಕಾಲದಲ್ಲಿ ನಮ್ಮ ಅಪ್ಪ ನಾರಾಯಣಖೇಡದ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಕಾಕಾ ಅಲ್ಲಿಯ ಜವಾನ. ನಾಗಲಗಿದ್ದದ ಕಡೆಯ ಹಳ್ಳಿಯವನು. ಹೆಂಡತಿಯೂ ಒಂದೇ ಒಂದು ಮಗುವೂ ಒಂದೇ ವರ್ಷದಲ್ಲಿ ಬೇನೆ ಬಂದು ತೀರಿಕೊಂಡಿದ್ದರಂತೆ. ಹಳ್ಳಿಯಲ್ಲಿ ಒಬ್ಬಳು ಅಕ್ಕ ಇದ್ದಳು, ಅಷ್ಟೇ. ನಮ್ಮ ಮನೆಗೆ ಬಂದರೆ ಕಟ್ಟೆಯ ಮೇಲೆ ಕೂರುತ್ತಿದ್ದ, ಒಳಗೆ ಬರುತ್ತಿರಲಿಲ್ಲ. ಬಾ ಎಂದು ಯಾರೂ ಕರೆಯುತ್ತಲೂ ಇರಲಿಲ್ಲ. ಅವ್ವ ಎತ್ತರದಿಂದ ಅವನ ಬೊಗಸೆಗೆ ನೀರು ಹುಯ್ಯುತ್ತಿದ್ದಳು. ಅದರಲ್ಲಿ ತಪ್ಪೇನಾದರೂ ಇದೆ ಎಂದು ಆಗ ನನಗೆ ಅನ್ನಿಸಿರಲಿಲ್ಲ.

ಅಪ್ಪನಿಗೆ ಉರ್ದುವಿನ ಮೇಲೆ ಬಹಳ ಪ್ರೀತಿ. ಗಂಡುಮಕ್ಕಳಿಲ್ಲದ ಮನೆ. ನನಗೇ ಅಲಿಫ್ ಬೇ ಕಲಿಸಿದರು. ಸೋದರತ್ತೆಯ ಮನೆಯಲ್ಲಿದ್ದುಕೊಂಡು ಹೈದರಾಬಾದಿನಲ್ಲಿ ಮೆಟ್ರಿಕ್ ಮಾಡಿದೆ, ಆಮೇಲೆ ಅಲ್ಲಿಯೇ ಹೆಣ್ಣುಮಕ್ಕಳ ಕಾಲೇಜಿಗೆ ಸೇರಿಸಿದರು. ಅದು ಎತ್ತರದ ಗೋಡೆಯ ಹಿಂದಿನ ಕಾಲೇಜು. ಗಂಡಸರಿಗೆ ಪ್ರವೇಶವಿಲ್ಲ. ಹುಡುಗಿಯರು ಪರದೆ ಕಟ್ಟಿದ ಗಾಡಿಗಳಲ್ಲಿ ಬರುತ್ತಿದ್ದರು. ಅಷ್ಟರಲ್ಲಿ ಅತ್ತೆಯ ಗಂಡನಿಗೆ ಬೇರೆ ಊರಿಗೆ ವರ್ಗವಾಯಿತು. ನಾನು ಹಾಸ್ಟೆಲಿನಲ್ಲಿ ಒಬ್ಬಳೇ ಉಳಿದೆ.

ಒಬ್ಬಳೇ ಎಂದರೆ, ಮೂವತ್ತು ಹುಡುಗಿಯರ ನಡುವೆ ಒಬ್ಬಳೇ. ಕನ್ನಡದವರು ಇನ್ನೊಬ್ಬರಿರಲಿಲ್ಲ. ನನ್ನ ಉರ್ದು ಪುಸ್ತಕದ ಉರ್ದು, ಅದಕ್ಕೆ ನಾರಾಯಣಖೇಡದ ರಾಗ ಬೇರೆ. ಗಂಟಲಿನಿಂದ ಬರಬೇಕಾದ ಅಕ್ಷರ ನನ್ನ ಅಂಗುಳಿನಿಂದಲೇ ಬಂದುಬಿಡುತ್ತಿತ್ತು. ನಾನು ಬಾಯಿ ತೆರೆದರೆ ಊಟದ ಮನೆಯಲ್ಲಿ ಯಾರಾದರೂ ನಗುತ್ತಿದ್ದರು. ಕೆಟ್ಟ ಹುಡುಗಿಯರಲ್ಲ ಅವರು, ನಗು ಬರುತ್ತಿತ್ತು, ನಗುತ್ತಿದ್ದರು. ನಾನು ಮಾತು ಕಡಿಮೆ ಮಾಡಿದೆ. ಎಷ್ಟೋ ಮಧ್ಯಾಹ್ನ ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿ, ನಮ್ಮ ಅಡಿಗೆಮನೆಯ ಸಾಮಾನುಗಳ ಹೆಸರು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದೆ. ತಾಟು, ಚರಿಗೆ, ಲಟ್ಟಣಿಗೆ, ಒಳ್ಳು... ಕಿವಿಗೆ ಕನ್ನಡ ಬೀಳಲಿ ಅಂತ.

ತಿಂಗಳುಗಟ್ಟಲೆ ಕಳೆದ ಮೇಲೆ ರಜೆ ಬರುತ್ತಿತ್ತು. ಕರೆದುಕೊಂಡು ಹೋಗಲು ಅಪ್ಪ ಕಾಕಾನನ್ನೇ ಕಳಿಸುತ್ತಿದ್ದರು. ಗೇಟು ಕಾಯುವ ಆಯಾ ಬಂದು, "ನಿನ್ನ ಬಡೇ ಮಿಯಾಂ ಬಂದಿದ್ದಾರೆ" ಎಂದು ಉರ್ದುವಿನಲ್ಲಿ ಹೇಳುತ್ತಿದ್ದಳು. ಮುದುಕ ಗಂಡಸರೆಲ್ಲ ಅವಳಿಗೆ ಬಡೇ ಮಿಯಾಂ. ನಾನು ಓಡುತ್ತಿದ್ದೆ. ಗೇಟಿನ ಹೊರಗೆ ಬೇವಿನ ಮರದಡಿ ಕಾಕಾ ಎದ್ದು ನಿಲ್ಲುತ್ತಿದ್ದ.

"ಆರಾಮ ಅದೀರೇನವ್ವಾ? ಸೊರಗೀರಲ್ಲ. ಊಟ ಸರಿ ಹಾಕ್ತಾರಿಲ್ಲೋ?"

ಇಷ್ಟೇ ಮಾತು. ಆದರೆ ಮೂರು ನಾಲ್ಕು ತಿಂಗಳಲ್ಲಿ ನನ್ನ ಕಿವಿಗೆ ಬೀಳುತ್ತಿದ್ದ ಮೊದಲ ಕನ್ನಡ ಅದು. ನಾನು ತಲೆಯಾಡಿಸಿ ಪೆಟ್ಟಿಗೆಯನ್ನು ಅವನ ಕೈಗೆ ಕೊಡುತ್ತಿದ್ದೆ.

ಆಮೇಲೆ ರೈಲು. ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ ಜಹೀರಾಬಾದಿನವರೆಗೆ. ನಾನು ಹೆಂಗಸರ ಡಬ್ಬಿಯಲ್ಲಿ, ಅವನು ಎಲ್ಲೋ ಹಿಂದಿನ ಡಬ್ಬಿಯಲ್ಲಿ. ಪ್ರತಿ ಸ್ಟೇಷನ್ನಿನಲ್ಲೂ ಇಳಿದು ನನ್ನ ಕಿಟಕಿಯವರೆಗೆ ನಡೆದು ಬಂದು, "ಅದೀರೇನವ್ವಾ?" ಎನ್ನುತ್ತಿದ್ದ. "ಅದೀನಿ ಕಾಕಾ" ಎಂದರೆ ತಿರುಗಿ ಹೋಗುತ್ತಿದ್ದ. ಗಾಡಿ ಒಂದೇ ನಿಮಿಷ ನಿಲ್ಲುವ ಕಡೆಯಲ್ಲೂ ತಪ್ಪಿಸುತ್ತಿರಲಿಲ್ಲ. ಜಹೀರಾಬಾದಿನಿಂದ ಎತ್ತಿನ ಗಾಡಿಯಲ್ಲಿ ನಾರಾಯಣಖೇಡ.

ಬಿ.ಎ. ಎರಡನೆಯ ವರ್ಷಕ್ಕೆ ನಾನು ನಾಟಕ ಆರಿಸಿಕೊಂಡೆ. ಸಾಹಿತ್ಯದ ಪಾಠದೊಳಗೇ ಅದೊಂದು ಭಾಗ. ಅದನ್ನು ಕಲಿಸುತ್ತಿದ್ದವರನ್ನು ನಾವೆಲ್ಲ ಆಪಾ, ಎಂದರೆ ಅಕ್ಕ, ಎನ್ನುತ್ತಿದ್ದೆವು. ಆಪಾ ನಾಟಕವನ್ನು ಮೇಜಿನ ಹಿಂದೆ ಕೂತು ಓದಿಸುವವರಲ್ಲ. ಬೆಂಚುಗಳನ್ನು ಗೋಡೆಗೆ ಸರಿಸಿ ನಮ್ಮನ್ನು ನಿಲ್ಲಿಸುತ್ತಿದ್ದರು. ಬಾಗಿಲು ತೆರೆದು ಒಳಗೆ ಬರುವುದನ್ನೇ ಒಂದು ವಾರ ಕಲಿಸಿದರು. ನಾನು ಈ ಪಾಠ ತೆಗೆದುಕೊಂಡದ್ದು ಧೈರ್ಯದಿಂದಲ್ಲ. ಬರೆದುಕೊಟ್ಟ ಮಾತನ್ನೇ ಆಡಿದರೆ ಯಾರೂ ನಗಲಾರರು ಎಂದುಕೊಂಡಿದ್ದೆ.

ವರ್ಷಕ್ಕೊಂದು ನಾಟಕ ಆಗುತ್ತಿತ್ತು. ನೋಡುವವರೂ ಹೆಂಗಸರೇ, ಆಡುವವರೂ ಹೆಂಗಸರೇ. ಊರಿನ ದೊಡ್ಡ ಮನೆತನದ ಬೇಗಮರು ಬರುತ್ತಿದ್ದರು. ಆ ವರ್ಷದ ನಾಟಕವನ್ನು ಆಪಾ ತಾವೇ ಬರೆದಿದ್ದರು. ಒಂದು ಹಳೆಯ ಹವೇಲಿ, ಬಿಟ್ಟು ಹೋದ ಯಜಮಾನ, ಆ ಸುದ್ದಿಯನ್ನು ಯಾರೂ ತಿಳಿಸದ ಕಾರಣ ದಿನವೂ ಬಾಗಿಲು ಕಾಯುತ್ತಲೇ ಇರುವ ಮುದಿ ಕಾವಲುಗಾರ. ಆ ಕಾವಲುಗಾರನ ಪಾತ್ರವನ್ನು ನನಗೆ ಕೊಟ್ಟರು.

"ಹಳ್ಳಿಯಿಂದ ಬಂದವನು ಅವನು. ನಿನ್ನ ನಾಲಿಗೆಯೇ ಅವನಿಗೆ ಸರಿ" ಎಂದರು. ಸುತ್ತ ನಿಂತವರು ನಕ್ಕರು. ಆ ದಿನ ನನಗೆ ಬಹಳ ನೋವಾಯಿತು. ಆದರೆ ಬೇಡ ಎನ್ನಲಿಲ್ಲ.

ಅಭ್ಯಾಸದಲ್ಲಿ ನಾನು ಬೆನ್ನು ಬಗ್ಗಿಸಿದೆ, ಕೆಮ್ಮಿದೆ, ಕೋಲು ನಡುಗಿಸಿದೆ. ಆಪಾ ಕೈಯೆತ್ತಿ ನಿಲ್ಲಿಸಿದರು. "ಮುಪ್ಪನ್ನು ತೋರಿಸಬೇಡ. ಒಬ್ಬ ಮುದುಕನನ್ನು ನೆನಪು ಮಾಡಿಕೋ. ಯಾರಾದರೂ ಒಬ್ಬನನ್ನು. ಅವನ ಕೈ ಏನು ಮಾಡುತ್ತದೆ, ಕೂತಾಗ ಹೇಗೆ ಕೂರುತ್ತಾನೆ, ಅದನ್ನು ತಾ."

ನನಗೆ ಗೊತ್ತಿದ್ದ ಮುದುಕ ಒಬ್ಬನೇ.

ಕಾಕಾ ಎಂದೂ ಪೂರ್ತಿಯಾಗಿ ಕೂರುತ್ತಿರಲಿಲ್ಲ. ಕಟ್ಟೆಯ ತುದಿಯಲ್ಲಿ ಅರ್ಧ ಕೂರುತ್ತಿದ್ದ, ಈಗಲೋ ಆಗಲೋ ಕರೆ ಬಂದರೆ ಏಳಬೇಕಲ್ಲ ಎಂಬಂತೆ. ಎದೆಯ ಮೇಲಿನ ಪಟ್ಟಿಯಲ್ಲಿ ಸರಕಾರದ ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಯಾರಾದರೂ ಮಾತಾಡಿಸಿದರೆ ಮೊದಲು ಬಿಲ್ಲೆಯನ್ನು ನೆಟ್ಟಗೆ ಮಾಡಿಕೊಂಡು ಆಮೇಲೆ ಉತ್ತರ ಹೇಳುತ್ತಿದ್ದ. ಯಾವಾಗಲೋ ಗಾಡಿಯಿಂದ ಬಿದ್ದಿದ್ದನಂತೆ, ಒಂದು ಕಾಲನ್ನು ಕೊಂಚ ಎಳೆದು ಹಾಕುತ್ತಿದ್ದ. ಮಾತು ಮುಗಿದ ಮೇಲೂ ಎದುರಿನವರ ಮುಖವನ್ನು ಒಂದು ಗಳಿಗೆ ನೋಡುತ್ತ ನಿಲ್ಲುತ್ತಿದ್ದ. ಇನ್ನೇನಾದರೂ ಹೇಳುತ್ತಾರೇನೋ ಎಂದು... ಯಾರೂ ಹೇಳುತ್ತಿರಲಿಲ್ಲ.

ಇವೆಲ್ಲ ನನಗೆ ಗೊತ್ತಿವೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮಾಡಲು ಹೋದಾಗ ಒಂದೊಂದಾಗಿ ಬಂದವು. ನಾಲ್ಕನೆಯ ದಿನ ನಾನು ಸ್ಟೂಲಿನ ತುದಿಯಲ್ಲಿ ಅರ್ಧ ಕೂತು, ಬಿಲ್ಲೆ ಸರಿಮಾಡಿಕೊಂಡು, ಮೊದಲ ಮಾತು ಹೇಳಿದೆ. ಆಪಾ ಈ ಸಲ ನಿಲ್ಲಿಸಲಿಲ್ಲ, ಮುಂದಿನ ಮಾತಿಗೆ ಕೈಸನ್ನೆ ಮಾಡಿದರು. ಹುಡುಗಿಯರ ನಗು ಅಂದಿನಿಂದ ನಿಂತಿತು.

ನಾಟಕ ರಜೆಗೆ ಮುಂಚಿನ ದಿನ, ಮಧ್ಯಾಹ್ನ. ಗೋಂದು ಒಣಗಿ ಗಲ್ಲ ಬಿಗಿಯುತ್ತಿತ್ತು. ನಾನು ಬಿಲ್ಲೆ ಸರಿಮಾಡಿಕೊಂಡಾಗಲೆಲ್ಲ ಬೇಗಮರು ಗೊಳ್ಳೆಂದು ನಕ್ಕರು. ಅವರ ಮನೆಗಳಲ್ಲೂ ಅಂಥವರು ಇದ್ದರಲ್ಲ, ಗುರುತು ಹತ್ತಿರಬೇಕು. ಕೊನೆಯ ದೃಶ್ಯದಲ್ಲಿ ಕಾವಲುಗಾರ ಖಾಲಿ ಮನೆಗೆ ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಆಗ ಸಭೆ ತೆಪ್ಪಗಾಯಿತು. ಮುಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡ ಸದ್ದು ನನಗೆ ಕೇಳಿಸಿತು. ಪರದೆ ಬಿದ್ದ ಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ. ಒಂದೂವರೆ ವರ್ಷ ನನ್ನ ಹೆಸರನ್ನು ಸರಿಯಾಗಿ ಕರೆಯದಿದ್ದ ಹುಡುಗಿಯರು ಬಂದು ತಬ್ಬಿಕೊಂಡರು.

ಗಡ್ಡ ಕೀಳುತ್ತ ನಾನು ಮಹಡಿಯ ಕಿಟಕಿಯಿಂದ ಹೊರಗೆ ನೋಡಿದೆ. ಬೇವಿನ ಮರದಡಿ ಕಾಕಾ. ಮರುದಿನದ ಗಾಡಿಗೆಂದು ಅಂದೇ ಬಂದಿದ್ದ. ಕಲ್ಲಿನ ತುದಿಯಲ್ಲಿ ಅರ್ಧ ಕೂತಿದ್ದ. ಒಳಗಿನ ಚಪ್ಪಾಳೆ ಅವನಿಗೂ ಕೇಳಿಸಿರಬೇಕು, ಗೇಟಿನ ಕಡೆಯೇ ನೋಡುತ್ತಿದ್ದ. ನನಗೆ ಕಳ್ಳತನ ಮಾಡಿ ಸಿಕ್ಕಿಬಿದ್ದಂತಾಯಿತು. ಬೇಗಮರ ನಗು ಆಗ ಬೇರೆಯಾಗಿ ಕೇಳಿಸತೊಡಗಿತು.

ಮರುದಿನ ಜಹೀರಾಬಾದಿನಲ್ಲಿ ಇಳಿದು ಎತ್ತಿನ ಗಾಡಿಯಲ್ಲಿ ಹೊರಟೆವು. ದಾರಿಯಲ್ಲಿ ಹುಣಸೆಮರದಡಿ ಗಾಡಿ ಬಿಟ್ಟು ಗಾಡಿಯವನು ಎತ್ತುಗಳಿಗೆ ನೀರು ಕುಡಿಸಲು ಹೋದ. ನಾವಿಬ್ಬರೇ.

"ನಾಟಕ ಹ್ಯಾಂಗಾತ್ರಿ ಅವ್ವಾ? ಚಪ್ಪಾಳಿ ಹೊರಗ ಮಟ ಕೇಳಸ್ತಿತ್ತು."

"ಚಲೋ ಆತು ಕಾಕಾ."

"ನಿಮ್ದು ಯಾರ ಪಾರ್ಟ?"

"ಒಬ್ಬ ಮುದುಕಂದು."

ಅವನು ಬಿಲ್ಲೆಯನ್ನು ನೆಟ್ಟಗೆ ಮಾಡಿಕೊಂಡ. ಆಮೇಲೆ, "ನಮಗಂತೂ ಒಳಗ ಬಿಡಾಂಗಿಲ್ಲ. ಜರಾ ಇಲ್ಲೇ ಮಾಡಿ ತೋರಸ್ರಲ್ಲ, ನೋಡ್ತೀನಿ" ಎಂದ.

ನಾನು ಗಾಡಿಯಿಂದ ಇಳಿದೆ. ಅವನ ಎದುರಿಗೆ ಅವನನ್ನೇ ಹೇಗೆ ಮಾಡಲಿ? ಬೆನ್ನು ಬಗ್ಗಿಸಿದೆ. ಕೆಮ್ಮಿದೆ. ಗಾಡಿಯವನ ಬಾರುಕೋಲು ಹಿಡಿದು ನಡುಗಿಸಿದೆ. ಆಪಾ ಬೇಡ ಎಂದ ಸುಳ್ಳು ಮುದುಕನನ್ನು ಮಾಡಿ ತೋರಿಸಿದೆ. ಕಾಕಾ ನಕ್ಕ. "ಭೇಷ್, ಭೇಷ್" ಎಂದ. ನಾನು ಕೋಲು ಕೆಳಗಿಟ್ಟ ಮೇಲೂ ನನ್ನ ಮುಖ ನೋಡುತ್ತಿದ್ದ.

"ಅಷ್ಟೇ ಏನ್ರಿ ಅವ್ವಾ?"

"ಅಷ್ಟೇ ಕಾಕಾ."

"ಆತು" ಎಂದ. ಎದ್ದು ಎತ್ತುಗಳ ಕಡೆ ಹೋದ.

ಮೂರನೆಯ ವರ್ಷ ಆಪಾ ನನಗೆ ದೊಡ್ಡ ಪಾತ್ರವನ್ನೇ ಕೊಟ್ಟಿದ್ದರು. ಈ ಸಲ ಮುದುಕನೂ ಅಲ್ಲ, ಹಳ್ಳಿಯವನೂ ಅಲ್ಲ. ಒಂದು ವರ್ಷ ಬೆಳಗಾದರೆ ಸಾಕು ಉಚ್ಚಾರ ತಿದ್ದಿಕೊಂಡಿದ್ದೆ. ಪರೀಕ್ಷೆಗೂ ಈ ನಾಟಕದ ಅಂಕಗಳು ಸೇರುತ್ತಿದ್ದವು. ಆದರೆ ಹೊರಗೆ ದಿನಗಳು ಕೆಟ್ಟಿದ್ದವು. ನಿಜಾಮರ ರಾಜ್ಯ ಉಳಿಯುತ್ತದೋ ಹೋಗುತ್ತದೋ ಎಂಬ ಮಾತು. ಹಳ್ಳಿಗಳಲ್ಲಿ ಗಲಾಟೆ, ಊರು ಬಿಟ್ಟು ಹೋಗುವವರ ಸುದ್ದಿ. ಹಾಸ್ಟೆಲಿನಲ್ಲಿ ಹಾಸಿಗೆಗಳು ಒಂದೊಂದೇ ಖಾಲಿಯಾಗುತ್ತಿದ್ದವು. ನಾಟಕಕ್ಕೆ ಹತ್ತು ದಿನ ಇರುವಾಗ ಆಯಾ ಬಂದು, "ಬಡೇ ಮಿಯಾಂ ಬಂದಿದ್ದಾರೆ" ಎಂದಳು.

ಅಪ್ಪ ಚೀಟಿ ಕೊಟ್ಟು ಕಳಿಸಿದ್ದರು. ಕೂಡಲೇ ಹೊರಟು ಬರಬೇಕು.

"ನಾ ಬರಂಗಿಲ್ಲ ಕಾಕಾ. ಹತ್ತ ದಿನ ಆದ ಮ್ಯಾಲ ಬರ್ತೀನಿ."

"ಹತ್ತ ದಿನಕ್ಕ ರೈಲು ಇರತಾವೋ ಇಲ್ಲೋ ಯಾರಿಗ್ಗೊತ್ತವ್ವಾ? ನಿಮ್ಮವ್ವ ಊಟ ಬಿಟ್ಟಾಳ. ನಾ ನಿಮ್ಮನ್ನ ಬಿಟ್ಟು ಹ್ಯಾಂಗ ಹೋಗ್ಲಿ?"

ಆಪಾರ ಹತ್ತಿರ ಓಡಿದೆ. ಅವರು ನನ್ನ ಸಂಭಾಷಣೆಯ ಕಾಗದಗಳನ್ನು ಕೈಯಿಂದ ತೆಗೆದುಕೊಂಡರು, ಮಡಿಸಿದರು, ಮತ್ತೆ ನನಗೇ ಕೊಟ್ಟರು. "ಹೋಗು ಮಗಳೇ. ನಾಟಕ ನೋಡಲು ಈ ಸಲ ಯಾರು ಉಳಿದಿರುತ್ತಾರೋ" ಎಂದರು.

ಪೆಟ್ಟಿಗೆ ಎತ್ತಿಕೊಂಡು ಗೇಟಿಗೆ ಬಂದಾಗ ಆಯಾ ಅಳುತ್ತಿದ್ದಳು. ಹೋಗುವವರನ್ನೆಲ್ಲ ಕಳಿಸಿ ಅವಳಿಗೂ ಸಾಕಾಗಿತ್ತು. ನನ್ನ ತಲೆ ಸವರಿ, "ಹೋದ ವರ್ಷ ನಾಟಕದ ದಿನ ಇವರಿಗೆ ಎಲ್ಲಾ ಹೇಳಿದ್ದೆ" ಎಂದಳು. "ಏನು ಹೇಳಿದ್ದೆ?" ಎಂದೆ. "ಬಡೇ ಮಿಯಾಂ, ನಿಮ್ಮ ಹುಡುಗಿ ಒಳಗೆ ನಿಮ್ಮನ್ನೇ ಆಡುತ್ತಿದ್ದಾಳೆ. ಕೂರುವುದು, ಬಿಲ್ಲೆ ಮುಟ್ಟುವುದು, ನಡೆಯುವುದು, ಎಲ್ಲಾ ನೀವೇ ಎಂದೆ. ಪಾಪ, ಮುಖ ಇಷ್ಟಾಯಿತು ಅವರದು."

ಹಾಗಾದರೆ ಹುಣಸೆಮರದಡಿ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದ. ನಾನು ಬೇರೆ ಯಾರನ್ನೋ ಮಾಡಿ ತೋರಿಸಿದ್ದೆ, ಅವನು ಭೇಷ್ ಎಂದಿದ್ದ.

ಆ ಪ್ರಯಾಣದಲ್ಲಿ ನಾನು ಮಾತಾಡಲಿಲ್ಲ. ನಾಟಕ ತಪ್ಪಿದ ಸಿಟ್ಟು ಒಂದು, ನಾಚಿಕೆ ಇನ್ನೊಂದು. ಡಬ್ಬಿಯಲ್ಲಿ ಹೆಂಗಸರು ಮಕ್ಕಳನ್ನು ಮಡಿಲಿಗೆ ಎಳೆದುಕೊಂಡು ಪಿಸುಗುಟ್ಟುತ್ತ ಕೂತಿದ್ದರು. ಸ್ಟೇಷನ್ನು ಬಂದಾಗಲೆಲ್ಲ ಕಿಟಕಿಯಲ್ಲಿ ಅದೇ ದನಿ. "ಅದೀರೇನವ್ವಾ?" ನಾನು ತಲೆಯಾಡಿಸಿದೆ, ಬಾಯಿ ಬಿಡಲಿಲ್ಲ. ಅವನು ಒಂದು ಗಳಿಗೆ ನಿಂತು ನೋಡಿ ಹೋದ. ವಿಕಾರಾಬಾದಿನಲ್ಲಿ ಎಲೆಯಲ್ಲಿ ನಾಲ್ಕು ಪೇರಲಹಣ್ಣು ತಂದು ಕಿಟಕಿಯಲ್ಲಿ ಇಟ್ಟ. ನಾನು ತಿನ್ನಲಿಲ್ಲ.

ಜಹೀರಾಬಾದಿನಲ್ಲಿ ಒಂದು ಗಾಡಿಯೂ ಬರಲು ಒಪ್ಪಲಿಲ್ಲ. ಕಡೆಗೆ ಒಬ್ಬ ಅರ್ಧ ದಾರಿಯವರೆಗೆ ಎಂದು ಹೊರಟ. ಅಲ್ಲಿಂದ ಮುಂದೆ ನಡೆಯಬೇಕಾಯಿತು. ಕಾಕಾ ಬಿಲ್ಲೆಯ ಪಟ್ಟಿಯನ್ನು ಬಿಚ್ಚಿ ಅಂಗಿಯೊಳಗೆ ತುರುಕಿಕೊಂಡ. ಯಾವ ಊರಿನಲ್ಲಿ ಸರಕಾರದವನೆಂದು ಹಿಡಿಯುತ್ತಾರೋ, ಯಾವ ಊರಿನಲ್ಲಿ ಅಲ್ಲ ಎಂದು ಹಿಡಿಯುತ್ತಾರೋ ಹೇಳಲಾಗದ ದಿನಗಳು. ನನ್ನ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಜೋಳದ ಹೊಲಗಳ ನಡುವೆ ಮುಂದೆ ಮುಂದೆ ನಡೆದ. ನಾನು ಅವನ ಹಿಂದೆ. ಅವನ ನಡಿಗೆಯನ್ನೇ ನೋಡುತ್ತ ಎರಡು ಹರದಾರಿ ನಡೆದೆ. ನಾನು ಆಡಿದ್ದು ಎಷ್ಟು ಕಡಿಮೆ, ಎಷ್ಟು ಬಿಟ್ಟುಬಿಟ್ಟಿದ್ದೆ ಎಂದು ಆಗ ತಿಳಿಯಿತು.

ಒಂದು ಹಾಳು ಬಾವಿಯ ಹತ್ತಿರ ಪೆಟ್ಟಿಗೆ ಇಳಿಸಿ ದಮ್ಮು ಕಟ್ಟಿ ನಿಂತ. ನನಗೆ ಇನ್ನು ತಡೆಯಲಾಗಲಿಲ್ಲ.

"ಕಾಕಾ, ಆವತ್ತ ನಾ ಖರೇ ಪಾರ್ಟ ತೋರಸಲಿಲ್ಲ."

"ಗೊತ್ತದ ಬಿಡ್ರಿ."

"ಸಿಟ್ಟ ಬಂತೇನು?"

"ಸಿಟ್ಟ್ಯಾಕ? ನನ್ನಂಥಾವನ್ನ ನೀವು ಅಷ್ಟು ನೋಡೀರಿ ಅಂತ... ಯಾರ ನೋಡ್ತಾರವ್ವಾ ನಮ್ಮನ್ನ?"

"ಈಗ ಮಾಡ್ತೀನಿ ಕಾಕಾ. ಇಲ್ಲೇ."

ಅವನು ದೂರದ ದಾರಿಯನ್ನು ನೋಡಿದ. ಯಾರೋ ಬರುತ್ತಿದ್ದ ಹಾಗಿತ್ತು. ಪೆಟ್ಟಿಗೆ ಎತ್ತಿಕೊಂಡ. "ಈಗ ಬ್ಯಾಡ. ಮೊದಲು ನಿಮ್ಮನ್ನ ಮನಿ ಮುಟ್ಟಸ್ತೀನಿ. ಎಲ್ಲಾ ಥಂಡಾ ಆಗಲಿ, ಒಂದಿನ ಕುಂತು ನೋಡ್ತೀನಿ."

ಸಂಜೆಗೆ ಮನೆ ಮುಟ್ಟಿದೆವು. ಅವ್ವ ನನ್ನನ್ನು ಒಳಗೆ ಎಳೆದುಕೊಂಡಳು. ನಾನು ಮುಖ ತೊಳೆದು ಹೊರಗೆ ಬರುವಷ್ಟರಲ್ಲಿ ಕಾಕಾ ಕಟ್ಟೆಯಿಂದ ಹೋಗಿಬಿಟ್ಟಿದ್ದ. ಅಕ್ಕ ಒಬ್ಬಳೇ ಇದ್ದಾಳೆಂದು ಹಳ್ಳಿಗೆ ಹೊರಟನಂತೆ. ಆ ದಿನ ಅವನಿಗೆ ಯಾರಾದರೂ ನೀರು ಕೊಟ್ಟರೋ ಇಲ್ಲವೋ, ನಾನು ಕೇಳಲಿಲ್ಲ.

ಎಲ್ಲಾ ತಣ್ಣಗಾಯಿತು. ರಾಜ್ಯ ಬದಲಾಯಿತು. ನಾನು ಮತ್ತೆ ಕಾಲೇಜಿಗೆ ಹೋಗಲಿಲ್ಲ. ತಾಂಡೂರಿನ ಕಲ್ಲಿನ ವ್ಯಾಪಾರದ ಮನೆಗೆ ನನ್ನನ್ನು ಕೊಟ್ಟರು. ಮದುವೆಗೆ ಕಾಕಾ ಬರುತ್ತಾನೆಂದು ಕಾದೆ, ಜ್ವರ ಎಂದು ಯಾರೋ ಹೇಳಿದರು. ಮುಂದಿನ ಮಳೆಗಾಲ ಅಪ್ಪನ ಕಾಗದ ಬಂತು. ಎಮ್ಮೆ ಕರು ಹಾಕಿದ್ದು, ಅವ್ವನ ಹಲ್ಲುನೋವು, ಹೊಸ ಸಾಹೇಬರು ಬಂದದ್ದು, ಎಲ್ಲ ಬರೆದು ಕೆಳಗೆ ಒಂದೇ ಸಾಲಿನಲ್ಲಿ ಕಾಕಾ ತೀರಿಕೊಂಡ ಸುದ್ದಿ. ತೀರಿಕೊಂಡು ತಿಂಗಳಾಗಿತ್ತು. ನಾನು ಆ ಕಾಗದ ಹಿಡಿದುಕೊಂಡು ಅತ್ತೆ. ಮನೆಯವರು, ಯಾರು, ಏನಾಗಬೇಕು ನಿನಗೆ ಎಂದು ಕೇಳಿದರು. ಏನೂ ಆಗಬೇಕಿಲ್ಲ ಎಂದೆ.

ಐದಾರು ವರ್ಷದ ಮೇಲೆ ತವರಿಗೆ ಹೋದಾಗ ಗಂಡನನ್ನು ಒಪ್ಪಿಸಿ, ಅವರೊಡನೆ ನಾಗಲಗಿದ್ದದ ಕಡೆಯ ಆ ಹಳ್ಳಿಗೆ ಹೋದೆ. ಕಾಕಾನ ಅಕ್ಕ ಇನ್ನೂ ಇದ್ದಳು. ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. ನಾನು ಇಂಥವರ ಮಗಳು ಎಂದೆ. ಕೈಯಲ್ಲಿದ್ದುದನ್ನು ಕೆಳಗಿಟ್ಟಳು.

"ನಾಟಕದಾಗ ನಮ್ಮ ತಮ್ಮನ ವೇಷ ಹಾಕಿದಾಕಿ ನೀನೇ ಏನವ್ವಾ? ಸಾಯೂಮಟ ಅದನ್ನೇ ಹೇಳ್ದ. ಅಕ್ಕಾ, ಹೈದರಾಬಾದದಾಗ ಅಷ್ಟ ಮಂದಿ ಕುಂತು ನನ್ನ ನೋಡ್ಯಾರ ಅಂತಿದ್ದ."

ಅವಳು ಸೆರಗಿನಿಂದ ಕಟ್ಟೆಯ ಧೂಳು ಒರೆಸಿದಳು.

"ಅಂವನ ಮಕ ನೋಡದ ಭಾಳ ವರ್ಷ ಆತು. ಒಂದೀಟ ಮಾಡಿ ತೋರಸವ್ವಾ."

ಗಂಡ ಅಂಗಳದ ಬಾಗಿಲಲ್ಲೇ ನಿಂತಿದ್ದರು. ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕಟ್ಟೆಯ ತುದಿಯಲ್ಲಿ ಅರ್ಧ ಕೂತೆ. ಇಲ್ಲದ ಬಿಲ್ಲೆಯನ್ನು ಸರಿಮಾಡಿಕೊಂಡೆ. ಎದ್ದು ಕಾಲೆಳೆಯುತ್ತ ಅಂಗಳ ದಾಟಿದೆ, ತಿರುಗಿ ಬಂದು ಅವಳ ಮುಖ ನೋಡುತ್ತ ನಿಂತೆ. ಮುದುಕಿ ಬಹಳ ಹೊತ್ತು ನೋಡಿದಳು. ಕೊನೆಗೆ ಮೆಲ್ಲಗೆ ಹೇಳಿದಳು.

"ಎಲ್ಲಾ ಅಂವನೇ. ಖರೆ ಆ ಕಾಲಲ್ಲವ್ವಾ... ಅಂವಂದು ಎಡಗಾಲು."

ನಾನು ಮತ್ತೊಮ್ಮೆ ನಡೆದೆ, ಎಡಗಾಲು ಎಳೆಯುತ್ತ. ಆಗ ಅವಳು ಸೆರಗು ಮುಖಕ್ಕೆ ಹಿಡಿದುಕೊಂಡಳು.

ಅವಳು ಹೋಗಿಯೂ ಈಗ ಎಷ್ಟೋ ವರ್ಷಗಳಾದವು. ಕಾಕಾನನ್ನು ಕಂಡವರು ನಾನಲ್ಲದೆ ಇನ್ನು ಯಾರೂ ಉಳಿದಿಲ್ಲ. ಮನೆಯಲ್ಲಿ ಎಲ್ಲರೂ ಕೆಲಸಕ್ಕೆ ಹೋದ ಮೇಲೆ, ಈ ಮಧ್ಯಾಹ್ನಗಳಲ್ಲಿ ಕಣ್ಣು ಮುಚ್ಚಿದರೆ ಜೋಳದ ಹೊಲಗಳ ನಡುವೆ ಪೆಟ್ಟಿಗೆ ಹೊತ್ತು ಅವನು ಮುಂದೆ ನಡೆಯುತ್ತಾನೆ. ಎಳೆಯುವುದು ಎಡಗಾಲು ಎಂದು ನನಗೆ ಗೊತ್ತಿದೆ. ಆದರೂ ನನ್ನ ಕಣ್ಣಿಗೆ ಕಾಣುವುದು ಬಲಗಾಲೇ. ನನ್ನನ್ನು ತಿದ್ದಲು ಈಗ ಯಾರೂ ಇಲ್ಲ.